ಕೊಂಡಿ ರೈಲು ತಪ್ಪಿದರೆ ಹಣದ ಜೊತೆಗೆ ಸೀಟೂ ಸಿಗಲಿ

ಮಾನ್ಯ ಸಂಪಾದಕರೆ,

ತಾಳಗುಪ್ಪ, ಸಾಗರ, ಶಿವಮೊಗ್ಗದ ಕಡೆಯವರು ರೈಲಿನಲ್ಲಿ ಹುಬ್ಬಳ್ಳಿ, ಬೆಳಗಾವಿ ದಾಟಿ ಪುಣೆಯತ್ತ ಹೋಗಬೇಕಾದರೆ ಸಾಮಾನ್ಯವಾಗಿ ಬೀರೂರಿನಲ್ಲೋ ಅರಸೀಕೆರೆಯಲ್ಲೋ ಇಳಿದು ಇನ್ನೊಂದು ರೈಲು ಹಿಡಿಯಬೇಕಾಗುತ್ತದೆ. ಇಂಥ ಪ್ರಯಾಣಿಕರು ಮುಂಗಡ ಕಾಯ್ದಿರಿಸುವಿಕೆಯ 60 ದಿನಗಳ ಅವಧಿ ತೆರೆದ ಕೂಡಲೇ ಎರಡು ಟಿಕೆಟ್ ಮಾಡಿಸಿಟ್ಟುಕೊಂಡಿರುತ್ತಾರೆ. ಆದರೆ ಮೊದಲ ರೈಲು ತಡವಾಗಿ ಎರಡನೆಯದು ಹೊರಟುಹೋದರೆ, ಅಷ್ಟು ಮೊದಲೇ ಕಾಯ್ದಿರಿಸಿದ ಟಿಕೆಟ್ಟಿನಿಂದ ಮುಂದಿನ ಪ್ರಯಾಣಕ್ಕೆ ಯಾವ ಪ್ರಯೋಜನವೂ ಆಗುವುದಿಲ್ಲ.

2019ರ ಏಪ್ರಿಲ್ 1ರಿಂದ ರೈಲ್ವೆ ಇಲಾಖೆ ಇದಕ್ಕೊಂದು ಪರಿಹಾರವನ್ನು ಜಾರಿಗೆ ತಂದಿದೆ. ಒಬ್ಬರೇ ಪ್ರಯಾಣಿಕರ ಎರಡು ಟಿಕೆಟ್ಟುಗಳ ಕಾಯ್ದಿರಿಸುವಿಕೆ ಸಂಖ್ಯೆಗಳನ್ನು, ಅಂದರೆ ಪಿಎನ್‌ಆರ್‌ಗಳನ್ನು ಪರಸ್ಪರ ಜೋಡಿಸಿದ್ದರೆ, ಮೊದಲ ರೈಲು ತಡವಾದ ಕಾರಣಕ್ಕೆ ಕೊಂಡಿ ರೈಲು ತಪ್ಪಿದಾಗ, ಪ್ರಯಾಣಿಸದ ಭಾಗದ ಹಣವನ್ನು ರದ್ದತಿ ಶುಲ್ಕ ಮುರಿದುಕೊಳ್ಳದೆ ಹಿಂದಿರುಗಿಸಲಾಗುತ್ತದೆ. ಮೊದಲ ರೈಲು ಬಂದು ತಲುಪಿದ ಮೂರು ಗಂಟೆಗಳ ಒಳಗೆ ಅದನ್ನು ಕೇಳಬೇಕು. ಎರಡೂ ಟಿಕೆಟ್‌ಗಳಲ್ಲಿ ಪ್ರಯಾಣಿಕರ ವಿವರ ಒಂದೇ ಆಗಿರಬೇಕು. ಇದು ಒಳ್ಳೆಯ ನಿಯಮ, ಅದಕ್ಕಾಗಿ ಇಲಾಖೆಯನ್ನು ಅಭಿನಂದಿಸಲೇಬೇಕು.

ಆದರೆ ಮಗಳ ಮನೆಯ ಸೀಮಂತಕ್ಕೋ ಮರುದಿನದ ಸಂದರ್ಶನಕ್ಕೋ ಹೊರಟು, ರಾತ್ರಿ ಹತ್ತು ಗಂಟೆಗೆ ಬೀರೂರಿನ ಪ್ಲಾಟ್‌ಫಾರಂನಲ್ಲಿ ಚೀಲಗಳೊಂದಿಗೆ ನಿಂತವರಿಗೆ ಆ ಹೊತ್ತಿನಲ್ಲಿ ಬೇಕಾಗಿರುವುದು ಹಣಕ್ಕಿಂತ ಮೊದಲು ಮುಂದಿನ ರೈಲಿನಲ್ಲಿ ಒಂದು ಜಾಗ. ತತ್ಕಾಲ್ ಬುಕಿಂಗ್ ಹಿಂದಿನ ದಿನ ಬೆಳಿಗ್ಗೆ ಹತ್ತು, ಹನ್ನೊಂದು ಗಂಟೆಗೆ ತೆರೆಯುವುದರಿಂದ ಅದು ಅವರಿಗೆ ಒದಗುವುದಿಲ್ಲ. ಸೀಟು ಹಂಚಿಕೆಯ ಪಟ್ಟಿಯಾದ ಚಾರ್ಟ್ ಸಿದ್ಧವಾದ ಮೇಲೆ ಉಳಿದಿರಬಹುದಾದ ಒಂದೆರಡು ಬರ್ತ್‌ಗಳಿಗೆ ಅವರು ಹೊಸ ಪ್ರಯಾಣಿಕರಂತೆಯೇ ಪೈಪೋಟಿ ನಡೆಸಬೇಕು. ಅದೂ ಸಿಗದಿದ್ದರೆ ಜನರಲ್ ಬೋಗಿಯೇ ಗತಿ. ದೂರದ ಊರುಗಳಿಗೆ ಹೋಗುವ ಎಷ್ಟೋ ರೈಲುಗಳು ವಾರಕ್ಕೊಮ್ಮೆ ಮಾತ್ರ ಓಡುವುದರಿಂದ ಒಂದು ಗಂಟೆಯ ವಿಳಂಬವು ಇಡೀ ಪ್ರಯಾಣವನ್ನೇ ಕೈಬಿಡುವಂತೆ ಮಾಡಬಲ್ಲದು. ಈ ಭಯದಿಂದಲೇ ವಯಸ್ಸಾದವರು ನಾಲ್ಕೈದು ಗಂಟೆ ಮೊದಲು ತಲುಪುವ ರೈಲನ್ನು ಆಯ್ದುಕೊಂಡು, ಜಂಕ್ಷನ್ನಿನ ಬೆಂಚಿನ ಮೇಲೆ ಅರ್ಧ ರಾತ್ರಿ ಕಳೆಯುತ್ತಾರೆ.

ಜೋಡಿಸಿದ ಪಿಎನ್‌ಆರ್ ಇರುವವರು ಕೊಂಡಿ ರೈಲು ತಪ್ಪಿದಾಗ, ಅದೇ ಟಿಕೆಟ್ಟಿನಲ್ಲಿ, ಅದೇ ದರ್ಜೆಯಲ್ಲಿ, ಅದೇ ಊರಿನ ಕಡೆಗೆ ಹೋಗುವ ಮುಂದಿನ ರೈಲು ಹತ್ತಲು ಅನುಮತಿ ಕೊಡಬೇಕು. ಬರ್ತ್ ಖಾಲಿಯಿದ್ದರೆ ಅವರಿಗೆ ಮೊದಲ ಆದ್ಯತೆ ಸಿಗಬೇಕು. ಇದು ಆಗದ ಕೆಲಸವೇನಲ್ಲ. ವೇಟಿಂಗ್ ಲಿಸ್ಟಿನವರಿಗೆ ಹೆಚ್ಚುವರಿ ಹಣ ಪಡೆಯದೆ ಬೇರೆ ರೈಲಿನಲ್ಲಿ ಸ್ಥಳ ಕೊಡುವ ‘ವಿಕಲ್ಪ್’ ಯೋಜನೆ 2015ರಿಂದಲೇ ನಡೆಯುತ್ತಿದೆ. ಟಿಕೆಟ್ ಪರೀಕ್ಷಕರಾದ ಟಿಟಿಇಗಳ ಕೈಯಲ್ಲಿರುವ ಯಂತ್ರದಲ್ಲಿ ಖಾಲಿ ಬರ್ತ್‌ಗಳು ಕಾಣುತ್ತವೆ. ಯಾವ ರೈಲು ಎಷ್ಟು ತಡವಾಗಿ ಬಂತೆಂಬುದು ಇಲಾಖೆಯದೇ ದಾಖಲೆಯಾದ್ದರಿಂದ ಪ್ರಯಾಣಿಕರು ಪುರಾವೆ ಒದಗಿಸಬೇಕಾಗಿಯೂ ಇಲ್ಲ. ಹತ್ತೇ ನಿಮಿಷದ ಅಂತರವಿಟ್ಟು ಎರಡು ಟಿಕೆಟ್ ಮಾಡಿಸುವವರು ಈ ಸೌಲಭ್ಯವನ್ನು ದುರುಪಯೋಗಪಡಿಸಿಕೊಂಡಾರೆಂಬ ಆತಂಕವಿದ್ದರೆ, ಎರಡು ರೈಲುಗಳ ನಡುವೆ ಕನಿಷ್ಠ ಒಂದು ಗಂಟೆ ಇರಬೇಕೆಂಬ ಷರತ್ತು ವಿಧಿಸಲಿ.

ಬ್ರಿಟನ್ನಿನಲ್ಲಿ ‘ಅಡ್ವಾನ್ಸ್’ ಎಂಬ ಅಗ್ಗದ ಟಿಕೆಟ್ ಕೊಂಡವರು ನಿಗದಿಯಾದ ರೈಲಿನಲ್ಲೇ ಹೋಗಬೇಕು. ಆದರೂ ಹಿಂದಿನ ರೈಲಿನ ವಿಳಂಬದಿಂದ ಕೊಂಡಿ ತಪ್ಪಿದರೆ, ಅದೇ ಸಂಸ್ಥೆಯ ಮುಂದಿನ ರೈಲಿನಲ್ಲಿ ದಂಡವಿಲ್ಲದೆ ಹೋಗಲು ಅಲ್ಲಿ ಅವಕಾಶವಿದೆ. ಜರ್ಮನಿಯಲ್ಲಿಯೂ ತಲುಪುವುದು 20 ನಿಮಿಷ ತಡವಾಗಬಹುದೆಂದು ಗೊತ್ತಾದರೆ, ಅಗ್ಗದ ಟಿಕೆಟ್ಟಿಗಿರುವ ‘ಇದೇ ರೈಲು’ ಎಂಬ ಕಟ್ಟು ಸಡಿಲವಾಗುತ್ತದೆ.

ಇದು ಜಾರಿಯಾಗುವವರೆಗೆ, ಪಿಎನ್‌ಆರ್ ಜೋಡಿಸುವ ಈಗಿನ ಸೌಲಭ್ಯವಾದರೂ ಜನರಿಗೆ ತಿಳಿಯಬೇಕು. ಎರಡು ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಮಾಡಿಸಿ ಜೋಡಿಸದೆ ಬಿಟ್ಟವರಿಗೆ ಈ ನಿಯಮದ ಲಾಭವಿಲ್ಲ. ನೈಋತ್ಯ ರೈಲ್ವೆಯು ಬೀರೂರು, ಅರಸೀಕೆರೆ, ಕಡೂರು ನಿಲ್ದಾಣಗಳ ಕೌಂಟರ್‌ಗಳ ಮುಂದೆ ಕನ್ನಡದಲ್ಲಿ ಫಲಕ ಹಾಕಿಸಲಿ. ಮುಂದೆ ಇನ್ನೊಂದು ರೈಲು ಹಿಡಿಯಲಿಕ್ಕಿದೆಯೇ ಎಂದು ಕೌಂಟರ್‌ನ ಸಿಬ್ಬಂದಿಯೇ ಟಿಕೆಟ್ ಕೊಡುವ ಮೊದಲು ಒಂದು ಮಾತು ಕೇಳಲಿ.

– ಒಬ್ಬ ಪ್ರಯಾಣಿಕ, ಸಾಗರ