ಹೆಸರು ಗೊತ್ತಿಲ್ಲದ ಆ ಗೈಡ್ ಅಣ್ಣನಿಗೆ

ಹಕ್ಕಿ ನೋಡಲು ಮನೆಮಂದಿಯೆಲ್ಲ ಮಳೆಕಾಡಿಗೆ ಹೋಗಿದ್ದೆವು. ಅರ್ಧ ದಾರಿಯಲ್ಲಿ ಮಗಳ ಕಾಲಿಗೆ ಜಿಗಣೆ ಹತ್ತಿತು. ಅವಳು ಒಂದೇ ಸಮನೆ ಅಳುತ್ತಿದ್ದಳು, ನನಗೆ ಕೈಕಾಲೇ ಆಡಲಿಲ್ಲ. ಬೇರೆ ಗುಂಪಿನ ಗೈಡ್ ಒಬ್ಬರು ಓಡಿ ಬಂದರು. ಅದನ್ನು ಹಿಡಿದು ಎಳೆಯಲಿಲ್ಲ. ಉಗುರನ್ನು ಚರ್ಮಕ್ಕೆ ಒತ್ತಿ ಮೆಲ್ಲಗೆ ಸರಿಸಿ ಬಿಡಿಸಿದರು. ಗಾಯ ತೊಳೆದು, ಬಟ್ಟೆ ಒತ್ತಿ ಹಿಡಿದು, "ಜಿಗಣೆ ಜೊಲ್ಲಿಗೆ ರಕ್ತ ಬೇಗ ಹೆಪ್ಪುಗಟ್ಟಲ್ಲ ಪುಟ್ಟಿ, ಅಷ್ಟೇ. ವಿಷ ಏನಿಲ್ಲ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಟ್ರೈಪಾಡ್ ಕಾಲು ತಗ್ಗಿಸಿ ದುರ್ಬೀನನ್ನು ಅವಳ ಎತ್ತರಕ್ಕೆ ಇಳಿಸಿದರು. ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಕೂತ ಹೆಣ್ಣು ಹಕ್ಕಿಗೆ ಗಂಡು ಮಂಗಟ್ಟೆ (ಹಾರ್ನ್‌ಬಿಲ್) ಸಣ್ಣ ಸೀಳಿನಿಂದ ಹಣ್ಣು ಉಣಿಸುತ್ತಿತ್ತು. ಮಗಳ ಅಳು ಎಲ್ಲಿ ಹೋಯಿತೋ! ಹೆಸರು ಕೇಳುವಷ್ಟರಲ್ಲಿ ಅವರು ಹೊರಟಿದ್ದರು. ಅಣ್ಣಾ, ತುಂಬಾ ಥ್ಯಾಂಕ್ಸ್.