ಏಪ್ರಿಲ್ 19ರ ದಾರಿ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಮೊದಲ ಕಾಳಗದ ನೆನಪಿನ ಪೇಟ್ರಿಯಟ್ಸ್ ಡೇ ರಜೆಗೆ ಬಾಸ್ಟನ್ ಹತ್ತಿರದ ಲೆಕ್ಸಿಂಗ್ಟನ್‌ಗೆ ಹೋಗುತ್ತೇನೆ ಅಂದಿದ್ದೀಯಲ್ಲ, ಖಂಡಿತ ಹೋಗು. ಆದರೆ ಬೆಳಗ್ಗೆ ಆ ಕಾಳಗವನ್ನು ನಟಿಸಿ ತೋರಿಸುವ ಪ್ರದರ್ಶನ ನೋಡಿಕೊಂಡು ಹಾಗೇ ರೂಮಿಗೆ ವಾಪಸಾಗಬೇಡ. 1775ರ ಏಪ್ರಿಲ್ 19ರಂದು ನಿಜವಾದ ಕಾಳಗ ನಡೆದದ್ದು ಆ ಪ್ರದರ್ಶನ ನಡೆಯುವ ಮೈದಾನದಲ್ಲಲ್ಲ, ಕಾಂಕರ್ಡ್‌ನಿಂದ ಬಾಸ್ಟನ್ ಕಡೆಗೆ ಹಿಂದಿರುಗುವ ರಸ್ತೆಯಲ್ಲಿ. ಜನ ಸೇರುವುದು ಮೈದಾನದಲ್ಲಿ, ರಸ್ತೆಯನ್ನು ನೋಡುವವರು ಕಡಿಮೆ. ನೀನು ನೋಡಬೇಕು ಅಂತ ನನಗೆ ಆಸೆ.

ಮೊದಲು ತಾರೀಕಿನ ವಿಷಯ. ಮ್ಯಾಸಚೂಸೆಟ್ಸ್ 1894ರಲ್ಲಿ ಈ ರಜೆ ಶುರುಮಾಡಿದಾಗ ಅದು ಏಪ್ರಿಲ್ 19ಕ್ಕೇ ಬರುತ್ತಿತ್ತು. 1969ರಿಂದ ಏಪ್ರಿಲ್ ಮೂರನೇ ಸೋಮವಾರಕ್ಕೆ ಹೋಗಿದೆ. ಹಾಗಾಗಿ ಕೆಲವು ಕಾರ್ಯಕ್ರಮ ಸೋಮವಾರ ಇರುತ್ತವೆ, ಕೆಲವು ಹತ್ತೊಂಬತ್ತಕ್ಕೇ ಅಥವಾ ಹಿಂದಿನ ಶನಿವಾರ, ಭಾನುವಾರ. ಆ ವರ್ಷದ ಪಟ್ಟಿ ನೋಡಿಕೊಂಡೇ ಹೊರಡು. ಸೋಮವಾರ ಬಾಸ್ಟನ್ ಮ್ಯಾರಥಾನ್ ಕೂಡ ಇರುತ್ತದೆ, 1897ರಿಂದ ಇದೇ ಹಬ್ಬದ ಓಟ ಅದು. ಊರೊಳಗೆ ಕಾರು ತೆಗೆದರೆ ಮಧ್ಯಾಹ್ನದವರೆಗೂ ಸಿಕ್ಕಿಹಾಕಿಕೊಳ್ಳುತ್ತೀಯ.

ಲೆಕ್ಸಿಂಗ್ಟನ್ ಪ್ರದರ್ಶನ ಬೆಳಗ್ಗೆ ಐದೂವರೆ ಹೊತ್ತಿಗೆ. ಮುಂದಿನ ಸಾಲು ಬೇಕಾದರೆ ನಾಲ್ಕಕ್ಕೇ ಅಲ್ಲಿರಬೇಕು. ಆ ಹೊತ್ತಿನಲ್ಲಿ ರೈಲಿಲ್ಲ, ಮೈದಾನದ ಸುತ್ತ ರಸ್ತೆಗಳೂ ಮುಚ್ಚಿರುತ್ತವೆ. ಯಾರದ್ದಾದರೂ ಕಾರಿನಲ್ಲಿ ಹೋಗಿ ದೂರದಲ್ಲಿ ನಿಲ್ಲಿಸಿ ನಡೆಯಿರಿ. ಏಪ್ರಿಲ್ ಅಂತ ಸ್ವೆಟರ್ ಒಂದರಲ್ಲೇ ಹೊರಡಬೇಡ. ಹುಲ್ಲು ಒದ್ದೆಯಾಗಿರುತ್ತದೆ, ಚಳಿ ಪಾದದಿಂದ ಹತ್ತುತ್ತದೆ. ಹಿಂದೆ ನಿಲ್ಲುವವರು ಮಡಚುವ ಪುಟ್ಟ ಏಣಿ ತಂದಿರುತ್ತಾರೆ, ನೋಡಿ ಗಾಬರಿಯಾಗಬೇಡ.

ಅಲ್ಲಿ ನೀನು ನೋಡುವುದು ಇಷ್ಟು. ಕ್ಯಾಪ್ಟನ್ ಜಾನ್ ಪಾರ್ಕರ್ ಕೈಕೆಳಗೆ ಸುಮಾರು 77 ಮಂದಿ. ಎದುರಿಗೆ, ಬಾಸ್ಟನ್‌ನಿಂದ ರಾತ್ರಿಯಿಡೀ ನಡೆದು ಬಂದ ಸುಮಾರು 700 ಬ್ರಿಟಿಷ್ ಸಿಪಾಯಿಗಳ ದಂಡಿನ ಮುಂಚೂಣಿ. ಎಲ್ಲರೂ ಪಾರ್ಕರ್‌ನ ಜನರನ್ನು ಮಿನಿಟ್‌ಮೆನ್ ಅನ್ನುತ್ತಾರೆ, ಆದರೆ ಅವನದು ಊರಿನವರೇ ಸೇರಿದ ಸಾಮಾನ್ಯ ಮಿಲಿಷಿಯಾ ಪಡೆ. ಕರೆ ಬಂದ ನಿಮಿಷಕ್ಕೆ ಹೊರಡಲು ಬೇರೆಯಾಗಿ ಆರಿಸಿದ ತುಕಡಿಗಳು ಕಾಂಕರ್ಡ್, ಆಕ್ಟನ್ ಮುಂತಾದ ಊರುಗಳಲ್ಲಿದ್ದವು. ಪಾರ್ಕರ್ ಚದುರಿಹೋಗಿ ಎಂದು ಆಜ್ಞೆ ಕೊಟ್ಟಿದ್ದ, ಜನ ಚದುರುತ್ತಲೂ ಇದ್ದರು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಈಡು. ಯಾರು ಹೊಡೆದರು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಊರಿನವರು ಎಂಟು ಜನ ಸತ್ತರು, ಹತ್ತು ಜನಕ್ಕೆ ಗಾಯ. ಗಾಯಗೊಂಡವರಲ್ಲಿ ಪ್ರಿನ್ಸ್ ಎಸ್ಟಾಬ್ರೂಕ್ ಎಂಬ ಕಪ್ಪು ಮನುಷ್ಯನಿದ್ದ, ಗುಲಾಮ. ಬಕ್‌ಮನ್ ಟ್ಯಾವರ್ನ್ ಮುಂದೆ ಅವನ ನೆನಪಿನ ಕಲ್ಲಿದೆ, ನೋಡದೆ ಬರಬೇಡ. ಮೈದಾನದ ಬಂಡೆಯ ಮೇಲೆ ಪಾರ್ಕರ್ ಆಡಿದನೆಂದು ಕೆತ್ತಿದ ವೀರವಾಕ್ಯವೂ ಕಾಣುತ್ತದೆ. ಅದು ಎಷ್ಟೋ ವರ್ಷಗಳ ನಂತರ ನೆನಪಿನಿಂದ ಹೇಳಿ ಬರೆಸಿದ್ದು, ಅಂದೇ ಯಾರೂ ಬರೆದಿಟ್ಟದ್ದಲ್ಲ.

ಕೋವಿಗಳು ಮೊಳಗುವಾಗ ಇಡೀ ಸಾಲು ನೋಡಲು ಹೋಗಬೇಡ, ಒಬ್ಬನ ಕೈಯನ್ನೇ ನೋಡು. ಬ್ರಿಟಿಷರ ಬ್ರೌನ್ ಬೆಸ್ ಕೋವಿ ಸುಮಾರು ನಾಲ್ಕೂವರೆ ಕೆಜಿ ತೂಗುತ್ತದೆ. ಕೇಪಿನ ಕೋವಿಯ ಹಾಗೆ ಇದಕ್ಕೂ ಬಾಯಿಯಿಂದಲೇ ಮದ್ದು ತುಂಬಬೇಕು, ಕಿಡಿ ಮಾತ್ರ ಕೇಪಿನಿಂದಲ್ಲ, ಚಕಮಕಿ ಕಲ್ಲಿನಿಂದ. ಮೊದಲು ಕುದುರೆಯನ್ನು, ಅಂದರೆ ಚಕಮಕಿ ಕಲ್ಲು ಕಚ್ಚಿಕೊಂಡ ಸುತ್ತಿಗೆಯನ್ನು, ಅರ್ಧ ಹಿಂದಕ್ಕೆ ಎಳೆದು ನಿಲ್ಲಿಸಬೇಕು. ಕಾಗದದ ತೋಟಾದ ತುದಿಯನ್ನು ಹಲ್ಲಿನಿಂದ ಹರಿದು, ಚಿಟಿಕೆ ಮದ್ದನ್ನು ಪಕ್ಕದ ತಟ್ಟೆಗೆ ಸುರಿದು ಮುಚ್ಚಬೇಕು. ಅದು ರಂಜಕ. ಕೋವಿಯನ್ನು ನೆಲಕ್ಕೂರಿ ಉಳಿದ ಮದ್ದನ್ನೂ ಗುಂಡನ್ನೂ ಕಾಗದವನ್ನೂ ನಳಿಗೆಗೆ ಹಾಕಿ ಗಜ ಅನ್ನುವ ಉದ್ದ ಕಡ್ಡಿಯಿಂದ ಜಡಿಯಬೇಕು. ಗಜ ತೆಗೆದು ಅದರ ಜಾಗಕ್ಕೆ ಸೇರಿಸಿ, ಕುದುರೆಯನ್ನು ಪೂರ್ತಿ ಎಳೆದು, ಗುರಿಯಿಟ್ಟು ಟ್ರಿಗರ್ ಒತ್ತಿದರೆ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರುತ್ತದೆ. ರಂಜಕ ಹೊತ್ತಿ, ಸಣ್ಣ ತೂತಿನಿಂದ ಒಳಗಿನ ಮದ್ದಿಗೆ ಬೆಂಕಿ ದಾಟುತ್ತದೆ. ಪಳಗಿದ ಸಿಪಾಯಿ ಇಷ್ಟನ್ನೂ ನಿಮಿಷಕ್ಕೆ ಮೂರು ಸಲ ಮಾಡುತ್ತಿದ್ದ.

ಕೈಕೊಡುವುದು ಎಲ್ಲಿ ಅಂದರೆ, ಕಲ್ಲಿನ ಅಂಚು ಮೊಂಡಾದರೆ ಕಿಡಿಯೇ ಬರುವುದಿಲ್ಲ. ತೂತಿನಲ್ಲಿ ಮಸಿ ಕಟ್ಟಿದರೆ ತಟ್ಟೆ ಮಾತ್ರ ಭಗ್ಗೆಂದು ಉರಿದು ಕೋವಿ ಸುಮ್ಮನಿರುತ್ತದೆ. ಗದ್ದಲದಲ್ಲಿ ಅದು ಗೊತ್ತಾಗದೆ ಇನ್ನೊಂದು ತೋಟಾ ಜಡಿದರೆ ನಳಿಗೆ ಸಿಡಿಯಬಹುದು. ಗಜ ತೆಗೆಯಲು ಮರೆತರೆ ಅದೇ ಹಾರಿ ಎದುರಿನವರಿಗೆ ತಗಲುತ್ತದೆ. ಅದಕ್ಕೇ ಇಂಥ ಪ್ರದರ್ಶನಗಳಲ್ಲಿ ಗುಂಡಿಲ್ಲದೆ ಬರೀ ಮದ್ದು ಹಾಕುತ್ತಾರೆ, ಗಜವನ್ನು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ಇನ್ನೊಂದು ಸೂಕ್ಷ್ಮ ಕೇಳು. ನಳಿಗೆಯ ಒಳಗಲ ಮುಕ್ಕಾಲು ಇಂಚು, ಗುಂಡು ಸುಮಾರು 0.69 ಇಂಚು. ಮಸಿ ಕಟ್ಟಿದ ಮೇಲೂ ಗುಂಡು ಇಳಿಯಲಿ ಅಂತ ಬೇಕೆಂದೇ ಬಿಟ್ಟ ಸಡಿಲ ಅದು. ಆ ಸಡಿಲದಿಂದ ಗುಂಡು ನಳಿಗೆಯೊಳಗೆ ತಾಗುತ್ತಾ ಬರುತ್ತದೆ, ನೂರು ಯಾರ್ಡ್ ಆಚೆ ಒಬ್ಬನಿಗೆ ಗುರಿಯಿಡುವುದು ವ್ಯರ್ಥ. ಸಾಲಾಗಿ ನಿಂತು ಒಟ್ಟಿಗೆ ಹೊಡೆಯುವ ಪದ್ಧತಿ ಬಂದದ್ದು ಇದರಿಂದ.

ಅಲ್ಲಿಂದ ಕಾಂಕರ್ಡ್. ನಾರ್ತ್ ಸ್ಟೇಷನ್‌ನಿಂದ ಫಿಚ್‌ಬರ್ಗ್ ಮಾರ್ಗದ ರೈಲಿನಲ್ಲೂ ಹೋಗಬಹುದು, ಇಳಿದು ನಾರ್ತ್ ಬ್ರಿಜ್ ಸೇತುವೆಗೆ ನಡೆಯಬೇಕು. ಈಗ ಕಾಣುವ ನಾರ್ತ್ ಬ್ರಿಜ್ 1956ರಲ್ಲಿ ಕಟ್ಟಿದ್ದು, ಹಳೆಯದನ್ನು 1793ರಲ್ಲೇ ತೆಗೆದಿದ್ದರು. ಬಾಸ್ಟನ್‌ನಲ್ಲಿದ್ದ ಬ್ರಿಟಿಷ್ ಸೇನಾಪತಿ ಜನರಲ್ ಗೇಜ್ ದಂಡು ಕಳಿಸಿದ್ದು ಕಾಂಕರ್ಡ್‌ನಲ್ಲಿ ಕೂಡಿಟ್ಟ ಮದ್ದು, ಫಿರಂಗಿ, ಹಿಟ್ಟು ಹಾಳುಮಾಡಲು. ಸುದ್ದಿ ಮೊದಲೇ ಸೋರಿ, ಊರಿನವರು ಬಹುಪಾಲನ್ನು ಸಾಗಿಸಿಬಿಟ್ಟಿದ್ದರು. ಸಿಕ್ಕ ಫಿರಂಗಿ ಗಾಡಿಗಳನ್ನು ಸಿಪಾಯಿಗಳು ಸುಟ್ಟರು. ಆ ಹೊಗೆ ಕಂಡು ಗುಡ್ಡದ ಮೇಲಿದ್ದ ಸುಮಾರು 400 ಮಂದಿ ಊರಿಗೇ ಬೆಂಕಿಯಿಟ್ಟರು ಅಂದುಕೊಂಡು ಸೇತುವೆಗೆ ಇಳಿದರು. ಮೊದಲ ಗುಂಡು ಬ್ರಿಟಿಷರದು, ಆಕ್ಟನ್‌ನ ಐಸಾಕ್ ಡೇವಿಸ್ ಮತ್ತು ಆಬ್ನರ್ ಹಾಸ್ಮರ್ ಸತ್ತರು. ಆಮೇಲೆ ಊರಿನ ಪಡೆಗಳಿಗೆ ಗುಂಡು ಹಾರಿಸುವ ಆಜ್ಞೆ ಸಿಕ್ಕಿತು. ಲೆಕ್ಸಿಂಗ್ಟನ್‌ಗೂ ಇಲ್ಲಿಗೂ ಇರುವ ಅಂತರ ಇದೇ: ಅಲ್ಲಿ ಜನ ಚೆದುರುತ್ತಿದ್ದರು, ಇಲ್ಲಿ ಆಜ್ಞೆಯ ಮೇಲೆ ರಾಜನ ಸೈನ್ಯಕ್ಕೆ ಗುಂಡು ಹೊಡೆದರು. ಸೇತುವೆ ಪಕ್ಕದಲ್ಲಿ ಬ್ರಿಟಿಷ್ ಸಿಪಾಯಿಗಳ ಸಮಾಧಿಯೂ ಇದೆ. ಗಾಯಗೊಂಡು ಬಿದ್ದಿದ್ದ ಒಬ್ಬನನ್ನು ಊರಿನ ಹುಡುಗನೊಬ್ಬ ಕೊಡಲಿಯಿಂದ ಹೊಡೆದ. ಹಬ್ಬದ ಭಾಷಣಗಳಲ್ಲಿ ಇದನ್ನು ಬಿಟ್ಟುಬಿಡುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಈಗ ರಸ್ತೆ. ಮಿನಿಟ್ ಮ್ಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಬ್ಯಾಟಲ್ ರೋಡ್ ಹೆಸರಿನ ಐದು ಮೈಲಿ ಕಾಲುದಾರಿ ಇದೆ, ಮೆರಿಯಮ್ಸ್ ಕಾರ್ನರ್‌ನಿಂದ ಶುರುಮಾಡು. ನಡೆಯುತ್ತಾ ಆ ಸಿಪಾಯಿಗಳ ಸ್ಥಿತಿ ಯೋಚಿಸು. ಹಿಂದಿನ ರಾತ್ರಿ ದೋಣಿಯಿಂದ ಜೌಗಿಗೆ ಇಳಿದು ಸೊಂಟದವರೆಗೆ ನೆನೆದಿದ್ದರು, ನಿದ್ದೆಯಿಲ್ಲ, ತಲಾ 36 ತೋಟಾ, ಹೋಗಿಬರುವ ದಾರಿ ಸುಮಾರು 40 ಮೈಲಿ. ದಾರಿಯುದ್ದಕ್ಕೂ ಹೊಸ ಹೊಸ ಊರಿನ ಪಡೆಗಳು ಸೇರಿಕೊಳ್ಳುತ್ತಾ, ಕತ್ತಲಾಗುವ ಹೊತ್ತಿಗೆ ಸುಮಾರು 4000 ಜನ ಅವರ ಮೇಲೆ ಗುಂಡು ಹಾರಿಸಿದ್ದರು. ಲೆಕ್ಸಿಂಗ್ಟನ್‌ನಲ್ಲಿ ಬ್ರಿಟಿಷ್ ಸೇನಾಧಿಕಾರಿ ಲಾರ್ಡ್ ಪರ್ಸಿ ಸಾವಿರ ಜನ ಮತ್ತು ಎರಡು ಫಿರಂಗಿ ತಂದು ಸೇರದಿದ್ದರೆ ಇಡೀ ದಂಡೇ ಉಳಿಯುತ್ತಿರಲಿಲ್ಲ. ಫಿರಂಗಿಗೆ ಹೆಚ್ಚಿನ ಮದ್ದಿನ ಗಾಡಿಯನ್ನು ಅವನು ಜೊತೆಗೆ ತಂದಿರಲಿಲ್ಲ, ವೇಗ ಕುಗ್ಗುತ್ತದೆ ಅಂತ. ಹಿಂದಿನಿಂದ ಬಂದ ಗಾಡಿಯನ್ನು ಮೆನಾಟಮಿಯಲ್ಲಿ ಊರಿನ ಮುದುಕರು ವಶಪಡಿಸಿಕೊಂಡರು.

ಆ ಮೆನಾಟಮಿಯೇ ಇಂದಿನ ಆರ್ಲಿಂಗ್ಟನ್. ಅಂದು ಅತಿ ಹೆಚ್ಚು ಜನ ಸತ್ತದ್ದು ಇಲ್ಲಿ. ಜೇಸನ್ ರಸೆಲ್ ಮನೆಯನ್ನು ತಪ್ಪದೆ ನೋಡು. ರಸೆಲ್‌ಗೆ 58 ವರ್ಷ, ಕಾಲು ಕುಂಟು. ಅವನ ಮನೆ ಬಳಿ ಸೇರಿದ್ದವರು ರಸ್ತೆಯ ಕಡೆಗೇ ಕಣ್ಣಿಟ್ಟು ಮರೆಯಲ್ಲಿ ಕೂತಿದ್ದರು. ಆದರೆ ಬ್ರಿಟಿಷರು ಇಕ್ಕೆಲದ ಹೊಲಗಳಲ್ಲೂ ಕಾವಲು ತುಕಡಿ ನಡೆಸುತ್ತಿದ್ದರು, ಅವು ಹಿಂದಿನಿಂದ ಬಂದು ಬಿದ್ದವು. ಓಡಿ ಮನೆಯೊಳಗೆ ನುಗ್ಗಿದವರನ್ನು ಬೆನ್ನಟ್ಟಿ ಕೊಂದರು. ರಸೆಲ್ ತನ್ನ ಬಾಗಿಲಲ್ಲೇ ಬಿದ್ದ, ಇನ್ನೂ ಹನ್ನೊಂದು ಜನ ಸತ್ತರು, ಹನ್ನೆರಡೂ ಜನರನ್ನು ಒಂದೇ ಗುಂಡಿಯಲ್ಲಿ ಹೂಳಿದರು. ಗುಂಡಿನ ತೂತು ಆ ಮನೆಯಲ್ಲಿ ಈಗಲೂ ಇದೆ. ವರ್ಷವಿಡೀ ತೆರೆದಿರುವುದಿಲ್ಲ, ಸಮಯ ವಿಚಾರಿಸಿಕೊಂಡು ಹೋಗು.

ದಿನದ ಲೆಕ್ಕ: ಬ್ರಿಟಿಷರು 73 ಸಾವು, 174 ಗಾಯಾಳು, 26 ನಾಪತ್ತೆ. ಊರಿನ ಪಡೆಗಳ ಕಡೆ 49 ಸಾವು. ಮರುದಿನ ಬಾಸ್ಟನ್ ಸುತ್ತುವರಿದಾಗಿತ್ತು. ಇದರ ಜೊತೆ ಇಲ್ಲಿನವರು ಇನ್ನೊಂದು ಕೆಲಸವೂ ಮಾಡಿದರು, ನನಗೆ ತುಂಬ ಹಿಡಿಸಿದ ಕೆಲಸ. ನೋಡಿದವರ ಹೇಳಿಕೆಗಳನ್ನು ಪ್ರಮಾಣ ಮಾಡಿಸಿ ಬರೆಸಿಕೊಂಡು, ಸೇಲಂನ ಜಾನ್ ಡರ್ಬಿ ಕೈಯಲ್ಲಿ 'ಕ್ವೆರೊ' ಎಂಬ ಹಡಗಿನಲ್ಲಿ ಲಂಡನ್‌ಗೆ ಕಳಿಸಿದರು. ಗೇಜ್‌ನ ವರದಿ ಮುಟ್ಟುವ ಮೊದಲೇ ಅಲ್ಲಿನ ಜನ ಇವರ ಮಾತು ಓದಿಯಾಗಿತ್ತು.

ನಮ್ಮ ಮೈಸೂರಿಗೂ ಈ ಯುದ್ಧಕ್ಕೂ ನಂಟಿದೆ, ಅಲ್ಲಿನ ಗೆಳತಿಯರಿಗೆ ಹೇಳು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಹಿಡಿದ ಪೆನ್ಸಿಲ್ವೇನಿಯಾದ ಹಡಗಿಗೆ ನಮ್ಮ ಹೈದರ್ ಅಲಿಯ ಹೆಸರಿತ್ತು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಕಾರ್ನ್‌ವಾಲಿಸ್‌ನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ ಕಿತ್ತುಕೊಂಡ.

ಇಷ್ಟೂ ಒಂದೇ ದಿನಕ್ಕೆ ಆಗದಿದ್ದರೆ ಕಾಂಕರ್ಡ್ ಬೇರೆ ದಿನಕ್ಕಿರಲಿ, ಆರ್ಲಿಂಗ್ಟನ್ ಬಿಡಬೇಡ. ರಸೆಲ್ ಮನೆ ಮ್ಯಾಸಚೂಸೆಟ್ಸ್ ಅವೆನ್ಯೂ ಪಕ್ಕದ ಜೇಸನ್ ಸ್ಟ್ರೀಟ್‌ನಲ್ಲಿದೆ, ಹಾರ್ವರ್ಡ್ ಸ್ಕ್ವೇರ್‌ನಿಂದ 77ನೇ ನಂಬರ್ ಬಸ್ಸು ಆ ಅವೆನ್ಯೂ ಮೇಲೆಯೇ ಹೋಗುತ್ತದೆ. ಗಟ್ಟಿ ಶೂ ಹಾಕಿಕೋ, ಒಂದು ಜೊತೆ ಒಣ ಸಾಕ್ಸ್ ಚೀಲದಲ್ಲಿರಲಿ. ನೋಡಿದ ಮೇಲೆ ಫೋನ್ ಮಾಡು.

ಇಂತಿ,
ನಿನ್ನ ಅಮ್ಮ