ಎರಡನೇ ನಂಬರಿನ ಅಂಗಿ

ಮಾರಾಯಾ,

ಹೋದ ವಾರ ನನ್ನ ಫೋಟೋ ನೋಡಿ "ಇದ್ಯಾವುದೋ ಕೆಂಪಂಗಿ, ಎರಡನೇ ನಂಬರು, ಯಾವ ಬಸ್ಸಿನ ಕಂಡಕ್ಟರ್ ಆದೆ?" ಅಂತ ಕೇಳಿದ್ದೆ. ನಾನು ನಕ್ಕು ಸುಮ್ಮನಾದೆ. ಫೋನಿನಲ್ಲಿ ಹೇಳಿ ಮುಗಿಯುವ ಕಥೆ ಅಲ್ಲ ಅದು. ಇವತ್ತು ಭಾನುವಾರ, ಹೊರಗೆ ಮಳೆ. ಹೆಂಡತಿ ಮಕ್ಕಳು ಯಾರದೋ ಮನೆಯ ಹುಟ್ಟುಹಬ್ಬಕ್ಕೆ ಹೋಗಿದ್ದಾರೆ. ಕಾಫಿ ಮಾಡಿಕೊಂಡು ಬರೆಯಲು ಕೂತಿದ್ದೇನೆ. ಉದ್ದ ಆಯಿತು ಅಂತ ಬೈಯಬೇಡ. ನಿನಗೇ ಸಂಬಂಧಪಟ್ಟ ಒಂದು ಮಾತೂ ಇದರಲ್ಲಿದೆ, ಹಾರಿಸಿ ಓದಬೇಡ.

ನಾನು 2016ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಬಂದೆನಲ್ಲ, ಇಂಗ್ಲೆಂಡಿನದಲ್ಲ, ಅಲಬಾಮಾದ್ದು. ಆಫೀಸಿನಲ್ಲಿ ಮೊದಲ ದಿನ ಯಾವ ದೇಶದವನು ಅಂತ ಯಾರೂ ಕೇಳಲಿಲ್ಲ. "ಅಲಬಾಮಾನಾ, ಆಬರ್ನ್‌ನಾ?" ಅಂತ ಕೇಳಿದರು. ಎರಡೂ ಈ ರಾಜ್ಯದ ಯೂನಿವರ್ಸಿಟಿಗಳು. ಯಾವುದಾದರೂ ಒಂದನ್ನು ಹೇಳಲೇಬೇಕು, ಎರಡೂ ಇಷ್ಟ ಅಂದರೆ ಯಾರೂ ಹತ್ತಿರ ಸೇರಿಸುವುದಿಲ್ಲ. ಹತ್ತಿರ ಇದೆ ಅನ್ನುವ ಒಂದೇ ಕಾರಣಕ್ಕೆ ನಾನು ಅಲಬಾಮಾ ಅಂದೆ. ಅದಿರುವ ಟಸ್ಕಲೂಸಾ ಇಲ್ಲಿಂದ ಒಂದು ಗಂಟೆ ದಾರಿ. ಅಲ್ಲಿನ ಬ್ರಯಂಟ್-ಡೆನ್ನಿ ಸ್ಟೇಡಿಯಂನಲ್ಲಿ ಒಂದು ಲಕ್ಷ ಜನ ಕೂರುತ್ತಾರೆ. ಊರಿನ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಕಾಲೇಜು ಹುಡುಗರ ಆಟಕ್ಕೆ! ನಮ್ಮ ಕಾಲೇಜು ಮ್ಯಾಚಿಗೆ ಬರುತ್ತಿದ್ದವರು ನೆನಪಿದ್ದಾರಾ? ಎನ್‌ಸಿಸಿ ಮೇಷ್ಟ್ರು, ಕಡ್ಲೆಕಾಯಿ ಮಾರುವವನು, ಎರಡು ಎಮ್ಮೆ.

ಇವರು ಫುಟ್ಬಾಲ್ ಅನ್ನುವುದು ಕೈಯಲ್ಲಿ ಆಡುವ ಆಟ. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಇನ್ನೊಬ್ಬನಿಗೆ ಕೊಡಬೇಕಾ, ದೂರ ಎಸೆಯಬೇಕಾ, ತಾನೇ ಓಡಬೇಕಾ ಅಂತ ಎರಡು ಮೂರು ಸೆಕೆಂಡಿನಲ್ಲಿ ಅವನು ತೀರ್ಮಾನ ಮಾಡಬೇಕು. ಅಷ್ಟರಲ್ಲಿ ನೂರೈವತ್ತು ಕಿಲೋ ಹತ್ತಿರದ ಆಸಾಮಿಗಳು ಅವನ ಮೇಲೆ ಬೀಳಲು ನುಗ್ಗಿ ಬರುತ್ತಿರುತ್ತಾರೆ. ತಂಡದಲ್ಲಿ ನಾಲ್ಕೈದು ಕ್ವಾರ್ಟರ್‌ಬ್ಯಾಕ್ ಇರುತ್ತಾರೆ, ಆಡುವುದು ಒಬ್ಬನೇ. ನಮ್ಮ ಕೀಪರ್ ಜಾಗದ ಹಾಗೆ. ಬ್ಯಾಟ್ಸ್‌ಮನ್ ಆದರೆ ಆರನೆಯವನನ್ನೂ ಎಲ್ಲೋ ತುರುಕಬಹುದು, ಗ್ಲೌಸ್ ಮಾತ್ರ ಒಂದೇ ಜೊತೆ. ಇದನ್ನು ನಿನಗೆ ನಾನು ಹೇಳಿಕೊಡಬೇಕಾ.

ನಾನು ಬಂದ ವರ್ಷವೇ ಬಂದವನು ಜೇಲನ್ ಹರ್ಟ್ಸ್. ಟೆಕ್ಸಸ್‌ನ ಚಾನೆಲ್‌ವ್ಯೂ ಊರಿನವನು, ಅಪ್ಪನೇ ಹೈಸ್ಕೂಲಿನಲ್ಲಿ ಅವನ ಕೋಚ್. ಹದಿನೆಂಟು ವರ್ಷ, ಕಾಲೇಜಿನ ಮೊದಲ ವರ್ಷ, ಎರಡನೇ ನಂಬರಿನ ಅಂಗಿ. ಆಟದ ನಿಯಮ ಪೂರ್ತಿ ಅರ್ಥ ಆಗುವ ಮೊದಲೇ ನಾನು ಅವನ ಕಡೆಯವನಾಗಿದ್ದೆ. ಮುಖದಲ್ಲಿ ಖುಷಿಯೂ ಕಾಣದು, ಬೇಜಾರೂ ಕಾಣದು. ಮೊದಲ ವರ್ಷವೇ ತಂಡವನ್ನು ದೇಶದ ಕಾಲೇಜುಗಳ ಫೈನಲ್‌ಗೆ ಒಯ್ದ. 2017ರ ಜನವರಿಯ ಆ ಪಂದ್ಯದಲ್ಲಿ, ಎರಡು ನಿಮಿಷ ಚಿಲ್ಲರೆ ಉಳಿದಿದ್ದಾಗ 30 ಗಜ ತಾನೇ ಓಡಿ ತಂಡವನ್ನು ಮುಂದೆ ತಂದ. ಆದರೆ ಎದುರಾಳಿ ಕ್ಲೆಮ್ಸನ್ ತಂಡ ಒಂದು ಸೆಕೆಂಡ್ ಬಾಕಿ ಇರುವಾಗ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸುವುದು, ಆರು ಪಾಯಿಂಟ್) ಹೊಡೆದು 35-31ರಲ್ಲಿ ಗೆದ್ದಿತು.

ಜಗಳ ಶುರುವಾದದ್ದು ಅದರ ಮುಂದಿನ ವರ್ಷ. ನನ್ನ ಪಕ್ಕದ ಟೇಬಲ್ಲಿನಲ್ಲಿ ಒಬ್ಬ ಹಿರಿಯರಿದ್ದಾರೆ. ಐವತ್ತು ವರ್ಷದಿಂದ ಒಂದು ಪಂದ್ಯ ಬಿಟ್ಟವರಲ್ಲ. ಅವರ ವಾದ ಒಂದೇ: ಜೇಲನ್‌ಗೆ ದೂರ ಎಸೆಯಲು ಬರುವುದಿಲ್ಲ. ನಾನು ಅಂಕಿ ತೆಗೆದಿಡುತ್ತಿದ್ದೆ. 2017ರ ಇಡೀ ಸೀಸನ್‌ನಲ್ಲಿ ಅವನ ಚೆಂಡು ಎದುರಾಳಿ ಕೈಗೆ ಸಿಕ್ಕಿದ್ದು ಒಂದೇ ಒಂದು ಸಲ. ಅದಕ್ಕವರು "ಅಡುಗೆಮನೆಗೇ ಹೋಗದವನು ಸಾರಿಗೆ ಉಪ್ಪು ಜಾಸ್ತಿ ಹಾಕ್ತಾನಾ?" ಅನ್ನುವ ಅರ್ಥದಲ್ಲಿ ಏನೋ ಅಂದರು. ಸಾರು ನನ್ನದು, ವ್ಯಂಗ್ಯ ಅವರದೇ.

ಅವರಿಗೆ ಬೇಕಾಗಿದ್ದವನು ಹವಾಯಿಯ ಹುಡುಗ ಟುವಾ ಟಂಗೊವೈಲೋವಾ. ಹೆಸರು ಹೇಳಲು ಬರದೆ ಎಲ್ಲರೂ ಟುವಾ ಅನ್ನುತ್ತಾರೆ. ಆಗಷ್ಟೇ ಹೈಸ್ಕೂಲು ಮುಗಿಸಿ ಬಂದವನು, ಗೆದ್ದು ಮುಗಿದ ಪಂದ್ಯದ ಕೊನೆಯಲ್ಲಿ ಹತ್ತು ನಿಮಿಷ ಆಡುತ್ತಿದ್ದ. ಇಲ್ಲಿ ಒಂದು ಮಾತಿದೆ, ಊರಿನಲ್ಲಿ ಎಲ್ಲರಿಗೂ ಅಚ್ಚುಮೆಚ್ಚಿನವನು ಅಂದರೆ ಬೆಂಚಿನಲ್ಲಿ ಕೂತ ಕ್ವಾರ್ಟರ್‌ಬ್ಯಾಕ್ ಅಂತ. ನಿಜ ತಾನೇ? ಆಡದವನು ಯಾವತ್ತೂ ಸೋತಿರುವುದಿಲ್ಲ.

ಟುವಾ ಎಡಗೈಯವನು ಅನ್ನುವುದೂ ಒಂದು ದೊಡ್ಡ ಚರ್ಚೆ. ನನಗೆ ಈ ಆಟದ ಮೇಲೆ ಮೊದಲ ಸಲ ನಿಜವಾದ ಗೌರವ ಬಂದದ್ದೇ ಆಗ. ಬಲಗೈಯವನು ಎಸೆಯಲು ನಿಂತರೆ ಅವನ ಬೆನ್ನು ಎಡಕ್ಕೆ ತಿರುಗುತ್ತದೆ. ಆ ಕಡೆಯಿಂದ ಯಾರು ಬಂದರೂ ಕಾಣಿಸುವುದಿಲ್ಲ. ಅದಕ್ಕೇ ಕಾವಲು ಸಾಲಿನ ಐದು ಜನರಲ್ಲಿ ಅತಿ ಒಳ್ಳೆಯವನನ್ನು ಎಡ ತುದಿಯಲ್ಲಿ ನಿಲ್ಲಿಸುತ್ತಾರೆ. ಎಡಗೈಯವನು ಬಂದರೆ ಲೆಕ್ಕ ತಲೆಕೆಳಗು. ಅವನ ಬೆನ್ನು ಕಾಯುವವನು ಬಲ ತುದಿಯವನು. ಚೆಂಡೂ ಬೇರೆ ಕಡೆಗೆ ಸುತ್ತುತ್ತ ಬರುತ್ತದೆ, ಹಿಡಿಯುವವರು ಕೈ ಹೊಂದಿಸಿಕೊಳ್ಳಬೇಕು. ಒಬ್ಬನನ್ನು ಬದಲಾಯಿಸಿದರೆ ಸುಮ್ನೆ ಒಬ್ಬ ಹೋಗಿ ಇನ್ನೊಬ್ಬ ಬಂದ ಹಾಗಲ್ಲ. ಆದರೂ ನಾವು ಆಫೀಸಿನ ಕಾಫಿ ಮೆಷಿನ್ ಹತ್ತಿರ ನಿಂತು ಐದು ನಿಮಿಷದಲ್ಲಿ ಬದಲಾಯಿಸಿಬಿಡುತ್ತಿದ್ದೆವು.

2018ರ ಜನವರಿ 8. ಮತ್ತೆ ಫೈನಲ್, ಅಟ್ಲಾಂಟಾದಲ್ಲಿ, ಎದುರಾಳಿ ಜಾರ್ಜಿಯಾ. ಅದೇ ಹಿರಿಯರ ಮನೆಯಲ್ಲಿ ಕೂತು ನೋಡುತ್ತಿದ್ದೆವು. ಅರ್ಧ ಪಂದ್ಯಕ್ಕೆ 13-0 ಹಿಂದೆ. ಜೇಲನ್ ಎಂಟು ಎಸೆದು ಮೂರು ಮುಟ್ಟಿಸಿದ್ದ, ಒಟ್ಟು 21 ಗಜ. ನನಗೆ ವಾದ ಮಾಡಲು ಬಾಯಿರಲಿಲ್ಲ. ಮತ್ತೆ ಆಟ ಶುರುವಾದಾಗ ಬಂದವನು ಹದಿಮೂರನೇ ನಂಬರು, ಟುವಾ. ನಿಕ್ ಸೇಬನ್ ಅನ್ನುವ ಕೋಚ್, ಫೈನಲ್‌ನ ನಡುವೆ, ಅದುವರೆಗೆ ಬರೀ ಎರಡು ಪಂದ್ಯ ಸೋತ ಹುಡುಗನನ್ನು ಕೂರಿಸಿ ಒಂದೂ ಪಂದ್ಯ ಶುರುಮಾಡದವನನ್ನು ಇಳಿಸಿಬಿಟ್ಟರು. ಆ ಮನೆಯಲ್ಲಿ ಎದ್ದ ಗದ್ದಲ ಕೇಳಬೇಕಿತ್ತು ನೀನು.

ಹುಡುಗ ಒಂದು ಚೆಂಡನ್ನು ಎದುರಾಳಿಗೂ ಕೊಟ್ಟ, ಎರಡು ಟಚ್‌ಡೌನ್ ಎಸೆದು ಸಮ ಮಾಡಿಸಿಯೂ ಬಿಟ್ಟ. ಕೊನೆಯಲ್ಲಿ ಅಲಬಾಮಾದವನು 36 ಗಜದಿಂದ ಗೋಲು ಕಂಬಗಳ ನಡುವೆ ಚೆಂಡು ಒದೆಯಲು ಹೋಗಿ ತಪ್ಪಿದ, ಗೆಲ್ಲುವ ಪಂದ್ಯ ಓವರ್‌ಟೈಮ್‌ಗೆ ಹೋಯಿತು. ಜಾರ್ಜಿಯಾ ಮೂರು ಪಾಯಿಂಟ್ ಹೊಡೆಯಿತು. ಆಮೇಲೆ ಅಲಬಾಮಾದ ಸರದಿ, ಟುವಾ ಮೊದಲ ಯತ್ನದಲ್ಲೇ ಸಿಕ್ಕಿಬಿದ್ದು 16 ಗಜ ಕಳೆದ. ಹಿರಿಯರು ತಲೆ ಮೇಲೆ ಟವೆಲ್ ಹಾಕಿಕೊಂಡರು. ಮುಂದಿನ ಎಸೆತ 41 ಗಜ, ಎಡಗಡೆ ಅಂಚಿನಲ್ಲಿ ಓಡುತ್ತಿದ್ದ ಡೆವಾಂಟಾ ಸ್ಮಿತ್ ಕೈಗೆ. 26-23. ಮುಗಿಯಿತು. ಎಸೆದವನು, ಹಿಡಿದವನು, ಎಡ ತುದಿಯಲ್ಲಿ ಗಾಯಗೊಂಡವನ ಬದಲು ಬಂದು ಕಾದವನು, ಮೂವರೂ ಮೊದಲ ವರ್ಷದ ಹುಡುಗರು. ಟವೆಲ್ ತೆಗೆಯುವಷ್ಟರಲ್ಲಿ ಪಂದ್ಯವೇ ಮುಗಿದು, ಹಿರಿಯರು ಆ ಎಸೆತವನ್ನು ನೋಡಲೇ ಇಲ್ಲ!

ನಾನು ನೋಡುತ್ತಿದ್ದದ್ದು ಎರಡನೇ ನಂಬರನ್ನು. ಟಿವಿಯವರು ಅವನನ್ನು ಆಗಾಗ ತೋರಿಸುತ್ತಿದ್ದರು. ಮುಖದಲ್ಲಿ ಏನೂ ಕಾಣಿಸದ ಹುಡುಗ ಆವತ್ತು ನಗುತ್ತಿದ್ದ. ಟುವಾನ ಪ್ರತಿ ಟಚ್‌ಡೌನ್‌ಗೂ ಕುಣಿಯುತ್ತಿದ್ದ. ಅದು ನನಗೆ ಯಾಕೋ ಸಹಿಸಲು ಆಗಲಿಲ್ಲ.

ಆ ಬೇಸಿಗೆ ಪೂರ್ತಿ ಈ ರಾಜ್ಯದಲ್ಲಿ ಬೇರೆ ಮಾತಿಲ್ಲ. ರೇಡಿಯೋದಲ್ಲಿ ಪಾಲ್ ಫೈನ್‌ಬಾಮ್ ಅಂತೊಬ್ಬರ ಕಾರ್ಯಕ್ರಮ ಇದೆ, ಜನ ಫೋನ್ ಮಾಡಿ ಬೈಯುವುದಕ್ಕೆಂದೇ ಇರುವಂಥದ್ದು. ಅಲ್ಲೂ ಅದೇ. ಕ್ಷೌರದ ಅಂಗಡಿಯಲ್ಲೂ ಅದೇ. 2018ರ ಮೊದಲ ಪಂದ್ಯ ಮುಗಿದ ಕೂಡಲೇ ಟಿವಿಯವರು ಇದನ್ನೇ ಕೇಳಿದಾಗ ಸೇಬನ್ ಕ್ಯಾಮೆರಾ ಮುಂದೆಯೇ ಸಿಡುಕಿದರು. ಆಮೇಲೆ ಫೋನ್ ಮಾಡಿ ಕ್ಷಮೆ ಕೇಳಿದರಂತೆ. ಜಾಗ ಟುವಾಗೆ ಹೋಯಿತು. ಆ ವರ್ಷವೇ ಹೊಸ ನಿಯಮ ಬಂದಿತ್ತು. ನಾಲ್ಕು ಪಂದ್ಯದೊಳಗೆ ನಿಲ್ಲಿಸಿದರೆ ಆ ವರ್ಷ ಲೆಕ್ಕಕ್ಕಿಲ್ಲ, ಮುಂದೆ ಬೇರೆ ಕಾಲೇಜಿನಲ್ಲಿ ಎರಡು ವರ್ಷ ಆಡಬಹುದು. ಜೇಲನ್ ನಿಲ್ಲಿಸುತ್ತಾನೆ ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದರು. ಅವನು ಐದನೇ ಪಂದ್ಯಕ್ಕೂ ಇಳಿದ.

ಡಿಸೆಂಬರ್ 1. ಅದೇ ಅಟ್ಲಾಂಟಾ, ಅದೇ ಸ್ಟೇಡಿಯಂ, ಅದೇ ಜಾರ್ಜಿಯಾ. ಕೊನೆಯ ಕ್ವಾರ್ಟರ್, 28-21 ಹಿಂದೆ, ಟುವಾ ಕಾಲು ನೋಯಿಸಿಕೊಂಡು ಕುಂಟುತ್ತಾ ಹೊರಗೆ ಬಂದ. ಒಳಗೆ ಹೋದವನು ಎರಡನೇ ನಂಬರು. ದೂರ ಎಸೆಯಲು ಬರುವುದಿಲ್ಲ ಅನ್ನಿಸಿಕೊಂಡವನು ಟಚ್‌ಡೌನ್ ಎಸೆದು ಸಮ ಮಾಡಿದ. ಒಂದು ನಿಮಿಷ ಉಳಿದಿರುವಾಗ 15 ಗಜ ತಾನೇ ಓಡಿ 35-28 ಮಾಡಿದ. ಆಮೇಲೆ ಮಾತಾಡುವಾಗ ಸೇಬನ್ ಗಂಟಲೇ ಕಟ್ಟಿಹೋಗಿತ್ತು. ನಾನು ಮಾರನೇ ದಿನವೇ ಹೋಗಿ ಈ ಅಂಗಿ ತಂದೆ.

ಹಿರಿಯರು ಅಂಗಿ ನೋಡಿ "ಹಾಗಾದರೆ ಕೋಚ್ ಎರಡು ಸಲವೂ ಸರಿ" ಅಂದರು. ಅದೇ ಕಷ್ಟ ನೋಡು. ಜನವರಿಯಲ್ಲಿ ಕೂರಿಸಿದ್ದು ಸರಿಯೇ. ಕೂರಿಸದಿದ್ದರೆ ಸೋಲುತ್ತಿದ್ದರು ಅಂತ ನನಗೂ ಗೊತ್ತು. ಗೊತ್ತಿದ್ದೂ ಎಂಟು ಹತ್ತು ವರ್ಷದಿಂದ ಅವರ ಜೊತೆ ವಾದ ಮಾಡುತ್ತಲೇ ಇದ್ದೇನೆ. ಯಾಕೆ ಅಂತ ಈಗ ಹೇಳುತ್ತೇನೆ.

ಕರುಣ್ ನಾಯರ್ ಚೆನ್ನೈನಲ್ಲಿ ಔಟಾಗದೆ 303 ಹೊಡೆದು, ಮುಂದಿನ ಟೆಸ್ಟಿಗೆ ಹೈದರಾಬಾದಿನಲ್ಲಿ ಹೊರಗೆ ಕೂತಾಗ ನೀನು ನನಗೆ ಫೋನ್ ಮಾಡಿ ಕಿರುಚಿದ್ದೆ. 2017ರ ಫೆಬ್ರವರಿ, ನನಗಿಲ್ಲಿ ನಡುರಾತ್ರಿ. ರಹಾನೆ ಗಾಯ ವಾಸಿಯಾಗಿ ಬಂದ, ಎರಡು ವರ್ಷ ಆಡಿದವನ ಜಾಗ ಅವನಿಗೇ ಅಂತ ನಾನು ಸಮಾಧಾನದಿಂದ ಹೇಳಿದೆ. ನೀನು "ನೀನು ಹೇಳೋದು ಲೆಕ್ಕ, ನಾನು ಹೇಳ್ತಿರೋದು ಕೂತವನ ಬಗ್ಗೆ" ಅಂದೆ. ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ.

ಫೈನಲ್ ಇಯರ್‌ನ ಆ ಅಂತರ ಕಾಲೇಜು ಫೈನಲ್. ಮೂರು ವರ್ಷ ಕೀಪಿಂಗ್ ಮಾಡಿದವನು ನೀನು. ಆ ಪಂದ್ಯಕ್ಕೆ ಮಾತ್ರ ಸೆಕೆಂಡ್ ಇಯರ್ ಹುಡುಗ ಗ್ಲೌಸ್ ಹಾಕಿದ. ಕ್ಯಾಪ್ಟನ್ ಮೇಲೆ ನಿನಗೆ ಇವತ್ತಿಗೂ ಸಿಟ್ಟಿದೆ, ಹೋದ ವರ್ಷದ ಮದುವೆ ಮನೆಯಲ್ಲೂ ಅವನ ಪಕ್ಕ ನೀನು ಊಟಕ್ಕೆ ಕೂರಲಿಲ್ಲ. ಹಿಂದಿನ ರಾತ್ರಿ ಹಾಸ್ಟೆಲ್ ಮೆಟ್ಟಿಲ ಮೇಲೆ ಅವನು ನನ್ನನ್ನು ಕೇಳಿದ್ದ. ಅವನಿಗೆ ನಿನ್ನನ್ನೇ ಆಡಿಸುವ ಮನಸ್ಸಿತ್ತು. ಹುಡುಗ ಬ್ಯಾಟಿಂಗ್ ಚೆನ್ನಾಗಿ ಮಾಡ್ತಾನೆ, ಅವನನ್ನೇ ಆಡಿಸು ಅಂತ ಹೇಳಿದ್ದು ನಾನು.

ಹುಡುಗ ಚೆನ್ನಾಗಿಯೇ ಆಡಿದ. ನಾವು ಗೆದ್ದೆವು. ನೀನು ಡ್ರಿಂಕ್ಸ್ ತಂದು, ನನ್ನ ಕೈಗೆ ಪಾನಕ ಕೊಟ್ಟು, "ಈ ಎಡಗೈಯವನು ನಿಧಾನ ಹಾಕ್ತಿದ್ದಾನೆ, ಕಾಯಿ" ಅಂದೆ. ನಾನು ಕಾಯದೆ ಅದೇ ಓವರಿನಲ್ಲಿ ಔಟಾದೆ. ವಾಪಸ್ ಬರುವಾಗ ಬೌಂಡರಿ ಹತ್ತಿರ ಚಪ್ಪಾಳೆ ತಟ್ಟುತ್ತಾ ನಿಂತಿದ್ದವನು ನೀನೊಬ್ಬನೇ. ಜೇಲನ್ ಕುಣಿಯುವುದನ್ನು ನಾನು ಯಾಕೆ ಸಹಿಸಲಿಲ್ಲ ಅಂತ ಗೊತ್ತಾಯಿತಾ?

ಇಷ್ಟು ಹೇಳಿದ್ದೇನೆ. ಬೈಯುವುದಿದ್ದರೆ ಫೋನ್ ಮಾಡಿ ಬೈ, ನಡುರಾತ್ರಿಯಾದರೂ ಸರಿ.

ಕಥೆಯ ಉಳಿದ ಭಾಗ ಬೇಗ ಮುಗಿಸುತ್ತೇನೆ. ಜೇಲನ್ ಮೂರೇ ವರ್ಷದಲ್ಲಿ ಡಿಗ್ರಿ ಮುಗಿಸಿ ಓಕ್ಲಹೋಮಾಗೆ ಹೋದ. ಆ ವರ್ಷದ ಹೈಸ್‌ಮನ್ ಟ್ರೋಫಿಗೆ, ಕಾಲೇಜು ಆಟದಲ್ಲಿ ಅದಕ್ಕಿಂತ ದೊಡ್ಡದಿಲ್ಲ, ಎರಡನೆಯವನಾದ. ಅದೇ 2019ರ ನವೆಂಬರಿನಲ್ಲಿ, ಮಿಸಿಸಿಪಿ ಸ್ಟೇಟ್ ಮೇಲೆ 35-7 ಮುಂದಿರುವಾಗ ಟುವಾ ಸೊಂಟದ ಕೀಲು ಜಾರಿಸಿಕೊಂಡ. ಅಷ್ಟು ಮುಂದಿದ್ದಾಗ ಅವನನ್ನು ಯಾಕೆ ಇನ್ನೂ ಆಡಿಸುತ್ತಿದ್ದರು ಅಂತ ಹಿರಿಯರೇ ಸೇಬನ್‌ಗೆ ಬೈದರು. ಆಮೇಲೆ ಬಂದ ಮ್ಯಾಕ್ ಜೋನ್ಸ್ ಬಗ್ಗೆಯೂ ಅದೇ ರಾಗ. ಇವನು ಬೇಡ, ಹೊಸ ಹುಡುಗ ಬ್ರೈಸ್ ಯಂಗ್ ಬೇಕು ಅಂತ. ಮ್ಯಾಕ್ ಒಂದೂ ಪಂದ್ಯ ಸೋಲದೆ ಕಪ್ ತಂದ ಮೇಲೆ ಎಲ್ಲರೂ ತೆಪ್ಪಗಾದರು.

ಈಗ ಕಾಯುವವರೇ ಇಲ್ಲ. 2021ರಿಂದ ನಿಯಮ ಸಡಿಲ ಆಗಿದೆ, ಕಾಲೇಜು ಬದಲಾಯಿಸಿದರೆ ಒಂದು ವರ್ಷ ಸುಮ್ಮನೆ ಕೂರಬೇಕಾಗಿಲ್ಲ. ತಮ್ಮ ಹೆಸರನ್ನು ಜಾಹೀರಾತಿಗೆ ಕೊಟ್ಟು ದುಡ್ಡೂ ಮಾಡಬಹುದು. ಬೆಂಚಿನಲ್ಲಿ ಕೂರಿಸಿದರೆ ಹುಡುಗರು ಗಂಟು ಕಟ್ಟುತ್ತಾರೆ. ತಪ್ಪೇನಿಲ್ಲ ಬಿಡು, ಅವರ ಜೀವನ. 2023ರಲ್ಲಿ ಜೇಲನ್ ಮಿಲ್ರೋ ಅಂತ ಇನ್ನೊಬ್ಬ ಜೇಲನ್‌ನನ್ನು ಟೆಕ್ಸಸ್ ಮೇಲೆ ಸೋತ ಮೇಲೆ ಒಂದು ಪಂದ್ಯ ಕೂರಿಸಿದರು. ಅವನು ಹೋಗಲಿಲ್ಲ. ವಾಪಸ್ ಬಂದು ಆಬರ್ನ್ ಮೇಲೆ ಕೊನೆಯ ಅವಕಾಶದಲ್ಲಿ 31 ಗಜ ಎಸೆದು ಗೆಲ್ಲಿಸಿದ. ಅವತ್ತು ಹಿರಿಯರು ನನ್ನನ್ನು ತಬ್ಬಿಕೊಂಡರು, ಅವರ ತೂಕಕ್ಕೆ ನನ್ನ ಪಕ್ಕೆ ಎರಡು ದಿನ ನೋಯುತ್ತಿತ್ತು.

2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್, ಅಂದರೆ ಕಾಲೇಜು ಮುಗಿಸಿ ವೃತ್ತಿಯಾಗಿ ಆಡುವವರ ಲೀಗಿನ ಫೈನಲ್. ಫಿಲಡೆಲ್ಫಿಯಾ ಈಗಲ್ಸ್ 40, ಕಾನ್ಸಾಸ್ ಸಿಟಿ ಚೀಫ್ಸ್ 22. ಪಂದ್ಯದ ಶ್ರೇಷ್ಠ ಆಟಗಾರ ಈಗಲ್ಸ್ ತಂಡದ ಜೇಲನ್ ಹರ್ಟ್ಸ್. ಅವನು ಎಸೆದ 46 ಗಜದ ಟಚ್‌ಡೌನ್ ಹಿಡಿದವನು ಯಾರು ಗೊತ್ತಾ? ಅದೇ ಡೆವಾಂಟಾ ಸ್ಮಿತ್. ಹಿರಿಯರು ಈ ಸಲ ಟವೆಲ್ ಹಾಕಿಕೊಂಡಿರಲಿಲ್ಲ. "ನಾನು ಮೊದಲಿಂದ ಹೇಳ್ತಿದ್ದೆ, ಈ ಹುಡುಗನಿಗೆ ದೂರ ಎಸೆಯೋಕೆ ಬರುತ್ತೆ ಅಂತ" ಅಂದರು. ನಾನು ಮಾತಾಡಲಿಲ್ಲ, ಅವರ ಮನೆ ಚಿಪ್ಸ್ ತಿನ್ನುತ್ತಿದ್ದೆ.

ಡಿಸೆಂಬರಿನಲ್ಲಿ ಊರಿಗೆ ಬರುತ್ತೇನೆ. ನಿನಗೂ ಒಂದು ಅಂಗಿ ತರಬೇಕು ಅಂತಿದೆ, ಎರಡನೇ ನಂಬರಿನದೇ. ಸೈಜು ಬರೆದು ಕಳಿಸು. ಕಾಲೇಜಿನ ಸೈಜೇ ಅಂತ ಸುಳ್ಳು ಹೇಳಬೇಡ, ಮದುವೆ ಮನೆಯ ಫೋಟೋ ನಾನೂ ನೋಡಿದ್ದೇನೆ.

ಇಂತಿ,
ನಿನ್ನ ಹಳೇ ರೂಮ್‌ಮೇಟ್